ಎರಡು ಕಡೆ ಮುರಿದ ಗೆರೆ

"ಇನ್ನೊಂದ್ಸಲ ಓಡಿಸಿ ನೋಡಿ ಸ್ವಪ್ನ," ಎನ್ನುತ್ತ ಕಿರಣ್‌ಕುಮಾರ್ ಕುರ್ಚಿಯನ್ನು ಕರಕರ ಎಳೆದುಕೊಂಡು ಪಕ್ಕಕ್ಕೇ ಬಂದು ಕೂತರು.

ಸ್ವಪ್ನ ಬೆಳಿಗ್ಗೆಯಿಂದ ಮಾಡುತ್ತಿದ್ದುದೇ ಅದು. ಎಷ್ಟು ಸಲ ಲೆಕ್ಕ ಹಾಕಿಸಿದರೂ ಕಂಪ್ಯೂಟರಿನ ಪರದೆಯ ಮೇಲೆ ಮಳೆ ದಿನಗಳ ಗೆರೆ ಅದೇ ಎರಡು ಕಡೆ ಮುರಿಯುತ್ತಿತ್ತು. 2001ರಲ್ಲಿ ದಡಕ್ಕನೆ ಕೆಳಕ್ಕೆ, 2010ರಲ್ಲಿ ದಡಕ್ಕನೆ ಮತ್ತೆ ಮೇಲಕ್ಕೆ. ನಡುವಿನ ವರ್ಷಗಳಲ್ಲಿ ಒಟ್ಟು ಮಳೆಯೇನೂ ಕಡಿಮೆಯಾಗಿಲ್ಲ, ಮಳೆ ಬಂದ ದಿನಗಳು ಮಾತ್ರ ಕಡಿಮೆ. ಬಂದ ದಿನ ಆಕಾಶವೇ ಹರಿದು ಬಿದ್ದಂತೆ ಬಂದಿದೆ. ಪ್ರಪಂಚದ ಹವಾಮಾನದವರೆಲ್ಲ ಹೆದರಿಕೊಂಡು ಕಾಯುತ್ತಿರುವುದು ಇಂಥದ್ದಕ್ಕೇ. ಕಿರಣ್‌ಕುಮಾರ್ ಊಟಕ್ಕೂ ಏಳದೆ ಕೂತದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಕುದಾಪುರದ ಹುಲ್ಲುಗಾವಲಿನ ಅಂಚಿನಲ್ಲಿ ಎದ್ದಿರುವ ಕ್ಯಾಂಪಸ್ಸುಗಳಲ್ಲೊಂದರ ಹಿಂಬದಿಯ ಪುಟ್ಟ ವಿಭಾಗ ಅವರದು. ಚಳ್ಳಕೆರೆ, ಮೊಳಕಾಲ್ಮೂರು ಸುತ್ತಿನ ಮಳೆಮಾಪಕಗಳ ಹಳೆಯ ಅಂಕಿಗಳನ್ನೆಲ್ಲ ಜೋಡಿಸಿ, ಯಾವ ಬದಲಾವಣೆ ನಿಜವಾಗಿ ಆಕಾಶದ್ದು, ಯಾವುದು ಅಳೆದವರ ಎಡವಟ್ಟು ಎಂದು ಬೇರೆ ಮಾಡುವುದು ಕೆಲಸ. ಕಿರಣ್‌ಕುಮಾರ್ ಅದರ ಮುಖ್ಯಸ್ಥ, ಸ್ವಪ್ನ ಸಹಾಯಕಿ. ಕಿರಣ್‌ಕುಮಾರ್ ಒಳ್ಳೆಯ ಮನುಷ್ಯ, ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಏನೋ ಒಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು.

"ಬಿ.ಜಿ. ಕೆರೇಲಿ ಈ ಮುರಿತ ಇಲ್ಲ, ಕೊಂಡ್ಲಹಳ್ಳೀಲೂ ಇಲ್ಲ. ಈ ಹಟ್ಟೀಲಿ ಮಾತ್ರ ಇದೆ," ಎಂದರು ಅವರು. "ಒಂದೋ ಅಲ್ಲಿ ನಿಜವಾಗ್ಲೂ ಏನೋ ಆಗಿದೆ, ಇಲ್ಲಾ ಅಳೆಯೋರು ಏನೋ ಮಾಡಿದಾರೆ. ಇದು ನಿಮ್ಮ ಹಟ್ಟಿನೇ ಅಲ್ವಾ? ಅಳೆಯೋರು ಯಾರು ಗೊತ್ತಾ?"

"ನಮ್ಮವ್ವ ಸರ್."

"ಅರೆ! ಮೊದ್ಲೇ ಹೇಳ್ಬಾರ್ದಾ? ಇನ್ನೇನು ಬೇಕು ನಮಗೆ!"

"ಸರ್, ಆ ಒಂದು ಕೇಂದ್ರ ಬಿಟ್ಬಿಡೋಣ. ಬೇರೆ ಬೇಕಾದಷ್ಟು ಇದಾವಲ್ಲ."

"ಕಾರಣ?"

ಅವಳು ಮೌಸ್ ಹಿಡಿದು ಬಿ.ಜಿ. ಕೆರೆಯ ಅಂಕಿಗಳನ್ನು ತೆರೆದಳು.

"ಕಾರಣ ಇಲ್ದೆ ಬಿಟ್ರೆ, ನಮಗೆ ಬೇಕಾದ್ದನ್ನ ಇಟ್ಕೊಂಡು ಬೇಡದ್ದನ್ನ ಎಸೆದಂಗೆ ಆಗುತ್ತೆ. ಅದು ಕಳ್ಳತನ. ಕಾರಣ ಕೊಡಿ, ವರದೀಲಿ ಒಂದು ಸಾಲು ಬರೆದು ಬಿಟ್ಬಿಡೋಣ. ಇಲ್ಲಾಂದ್ರೆ ಆ ಮುರಿತ ನಿಜ ಅಂತ್ಲೇ ಲೆಕ್ಕ. ಸೋಮವಾರ ನಾನೇ ಬರ್ತೀನಿ. ಜಾಗ ನೋಡೋಣ, ನಿಮ್ಮ ತಾಯೀನೂ ಕೇಳೋಣ, ಊರೋರ್ನೂ ಕೇಳೋಣ."

ಊರವರನ್ನೂ! ಸ್ವಪ್ನ ಪರದೆಯನ್ನು ಆರಿಸಿ ಹೊರಗೆ ಬಂದು ನಲ್ಲಿಯ ನೀರು ಕುಡಿದಳು.

ಮೊದಲನೆಯ ಮುರಿತ ಯಾಕೆಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಹಟ್ಟಿಯ ಮಳೆಮಾಪಕ, ಹಟ್ಟಿಯವರ ಬಾಯಲ್ಲಿ ಮಳೆಡಬ್ಬ, ಇರುವುದು ಗುಡಿಯ ಮುಂದಿನ ಬಯಲಲ್ಲಿ, ಮುಳ್ಳುಬೇಲಿಯ ಒಳಗೆ. ಹಿಂದೆ ಯಾವಾಗಲೋ ಅಧಿಕಾರಿಗಳು ಬಂದು ಮರದ ನೆರಳಿಲ್ಲದ, ಗೋಡೆ ಅಡ್ಡವಿಲ್ಲದ, ಆಡುಕುರಿ ನುಗ್ಗದ ಜಾಗ ಹುಡುಕಿದ್ದರು. ದೇವರಿಗೆ ಬೇಲಿ ಕಟ್ಟಿದ ಜಾಗವೇ ಅವರ ನಿಯಮಕ್ಕೆ ಹೇಳಿ ಮಾಡಿಸಿದಂತಿತ್ತು. ಆ ಬೇಲಿಯೊಳಗೆ ಯಾರು ಯಾವಾಗ ಕಾಲಿಡಬಹುದು ಎಂದು ಕೇಳಬೇಕೆಂದು ಪಾಪ ಅವರಿಗೆ ಹೊಳೆಯಲಿಲ್ಲ.

2001ರ ತನಕ ಅಳೆಯುತ್ತಿದ್ದುದು ತಾತ. ತಾತನ ಕಣ್ಣು ಮಂಜಾದ ಮೇಲೆ ಕೆಲಸ ಸೊಸೆ, ಸ್ವಪ್ನಳ ಅವ್ವ ಬೊಮ್ಮಕ್ಕನ ಕೈಗೆ ಬಂತು. ಏಳನೇ ಕ್ಲಾಸು ಓದಿದ್ದ ಸೊಸೆ ಹಟ್ಟಿಯಲ್ಲಿ ಅವಳೊಬ್ಬಳೇ. ಸೊಸೆ ಅಂದಮೇಲೆ ತಿಂಗಳಿಗೊಮ್ಮೆ ಹೊರಗಾಗಬೇಕಲ್ಲ. ಹೊರಗಾದ ಹೆಂಗಸು ಹಟ್ಟಿಯ ಒಳಗೇ ಇರುವಂತಿಲ್ಲ, ಊರಾಚೆಯ ಗುಡ್ಲು ಎಂಬ ಸೋಗೆ ಗುಡಿಸಲಲ್ಲಿ ಇರಬೇಕು, ಇನ್ನು ಗುಡಿಯ ಬೇಲಿಯ ಮಾತೆಲ್ಲಿ ಬಂತು? ಅವಳ ಬದಲಿಗೆ ನೋಡಲು ಗಂಡ ಕಾಮಣ್ಣ ಊರಲ್ಲಿರುತ್ತಿರಲಿಲ್ಲ, ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿರುತ್ತಿದ್ದ. ಕಾಮಣ್ಣನ ಅಣ್ಣ, ಗುಡಿಯ ಪೂಜಾರಿ ಜಂಪಣ್ಣ, ಅಳತೆಯ ಗಾಜಿನ ಮೇಲಿನ ಗೆರೆ ಓದಲು ತನಗೆ ಬರುವುದಿಲ್ಲವೆಂದು ಜಾರಿಕೊಂಡಿದ್ದ. ಹಾಗಾಗಿ ಬೊಮ್ಮಕ್ಕ ಒಳಗೆ ಬಂದ ದಿನ ಡಬ್ಬದಲ್ಲಿ ಕೂಡಿದ್ದ ನೀರನ್ನೆಲ್ಲ ಒಟ್ಟಿಗೆ ಅಳೆದು ಅವತ್ತಿನ ಮಳೆಯೆಂದೇ ಬರೆಯುತ್ತಿದ್ದಳು. ಹೊರಗಿದ್ದ ದಿನಗಳಿಗೆಲ್ಲ ಸೊನ್ನೆ. ಹಾಗೆ ಬರೆಯಬಾರದೆಂದು ಅವಳಿಗೆ ಹೇಳಿಕೊಟ್ಟವರು ಯಾರೂ ಇಲ್ಲ.

ಇಷ್ಟೇ ಆಗಿದ್ದರೆ ಸ್ವಪ್ನ ಹೇಗೋ ಬಾಯಿಬಿಡುತ್ತಿದ್ದಳು. ಗಂಡಸಿನ ಮುಂದೆ ಆಡಲು ಮುಜುಗರದ ಮಾತು, ನಿಜ, ಆದರೂ ಆಡಬಹುದಿತ್ತು. ಅವಳ ಬಾಯಿ ಕಟ್ಟಿದ್ದು ಎರಡನೆಯ ಮುರಿತ. 2010ರಲ್ಲಿ ಅವ್ವನಿಗೆ ಮುಟ್ಟು ನಿಂತಿತೇ? ಎಲ್ಲಿಯ ಮಾತು, ಅದಾದ ಮೇಲೆ ತಮ್ಮ ಹುಟ್ಟಿದ. ಬಾಣಂತಿ ಅವ್ವ ತಿಂಗಳುಗಟ್ಟಲೆ ಊರಾಚೆ ಇದ್ದಾಗ ಊಟ ಒಯ್ದು ದೂರದಲ್ಲಿಟ್ಟು ಬರುತ್ತಿದ್ದವಳು ಸ್ವಪ್ನಳೇ. ಸಂಜೆ ಎಲ್ಲರೂ ಹೋದ ಮೇಲೆ ಅವಳು ಆ ತಿಂಗಳುಗಳ ಅಂಕಿ ತೆರೆದು ನೋಡಿದಳು. ಒಂದು ದಿನವೂ ಬಿಟ್ಟುಹೋಗಿರಲಿಲ್ಲ. ತುಂತುರು ಬಿದ್ದದ್ದು ಕೂಡ ಆಯಾ ದಿನಕ್ಕೇ ಇತ್ತು. ಗುಡ್ಲಲ್ಲಿ ಬಾಣಂತಿಯಾಗಿದ್ದ ಹೆಂಗಸು ಗುಡಿಯ ಬೇಲಿಯೊಳಗಿನ ಮಳೆಯನ್ನು ದಿನದಿನ ಅಳೆದಿದ್ದಳು.

ಭಾನುವಾರ ಮಧ್ಯಾಹ್ನ ಅವಳು ಹಟ್ಟಿಗೆ ಹೋದಳು. ವಾರವೆಲ್ಲ ಚಳ್ಳಕೆರೆಯ ಬಾಡಿಗೆ ಕೋಣೆಯಲ್ಲಿರುವವಳು. 'ಆ' ದಿನಗಳಲ್ಲಿ ಊರ ಕಡೆ ತಲೆಹಾಕುವುದಿಲ್ಲ, ಕೇಳಿದರೆ ಆಫೀಸಿನಲ್ಲಿ ಕೆಲಸ ಎನ್ನುತ್ತಾಳೆ. ಅವ್ವ ಪಡಸಾಲೆಯಲ್ಲಿ ಕೂತು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದಳು. ಸ್ವಪ್ನ ಎದುರಿಗೆ ಕೂತು ತಾನೂ ಒಂದು ಹಿಡಿ ಎಳೆದುಕೊಂಡಳು.

"ಅವ್ವ, ನೀನು ಹೊರಗಾದಾಗ್ಲೂ ಮಳೆಡಬ್ಬ ನೋಡ್ತಿದ್ಯಾ?"

ಬೊಮ್ಮಕ್ಕನ ಬೆರಳು ನಿಂತವು. ಹೊರಗಡೆ ನೋಡಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ.

"ಯಾರು ಹೇಳಿದ್ದು? ಯಾರು ನೋಡವ್ರೆ?"

"ಯಾರೂ ನೋಡಿಲ್ಲ. ನೀನು ಕಳಿಸಿದ ಲೆಕ್ಕದಾಗೇ ಕಾಣ್ತೈತೆ."

"ಅಷ್ಟು ವರ್ಷದ್ದು ಈಗ ಕಾಣ್ತೈತಾ?" ಬೊಮ್ಮಕ್ಕ ಮಗಳ ಮುಖವನ್ನೇ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ನೀನು ದೊಡ್ಡೋಳಾದ್ಯಲ್ಲ, ಆ ಸಲ ಶುರು ಮಾಡಿದ್ದು. ನಿನ್ನ ಕರ್ಕೊಂಡು ಗುಡ್ಲಾಗೆ ಕೂತಿದ್ದೆ. ಎಂಥಾ ಮಳೆ ಅಂತೀಯ! ಮ್ಯಾಲಿನ ಸೋಗೆ ಸೋರಿ ಇಬ್ರೂ ತೊಪ್ಪೆ. ನೀನು ಅಳ್ತಾ ಅಳ್ತಾ ಕೇಳ್ದೆ, ಅವ್ವ ಈ ಮಳೇನ ಯಾರು ಅಳೀತಾರೆ ಅಂತ. ಒಳಗೆ ಹೋದ್ಮ್ಯಾಲೆ ಅಳೀತೀನಿ ಅಂದೆ ನಾನು. 'ಆವಾಗ ಅಳೆದ್ರೆ ಇದು ಯಾವತ್ತಿನ ಮಳೆ ಅಂತ ಹೆಂಗ್ ಗೊತ್ತಾಗ್ತೈತೆ' ಅಂದೆ ನೀನು. ನಂಗೆ ಎಲ್ಲಿತ್ತೋ ಸಿಟ್ಟು. ನಿನ್ನ ಮ್ಯಾಲೆ ಅಲ್ಲ, ಯಾರ ಮ್ಯಾಲೆ ಅಂತ ಇವತ್ತಿಗೂ ಗೊತ್ತಿಲ್ಲ. ಬೆಳಕು ಹರಿಯೋಕೆ ಮುಂಚೆ ಎದ್ದು ಹೋದೆ."

"ಬೇಲಿ ಒಳಗೆ?"

"ಮತ್ತೆ ಡಬ್ಬ ಎಲ್ಲೈತೆ? ಇವತ್ತು ನಾನು ಸಾಯೋದೇ ಅಂದ್ಕೊಂಡೆ. ಏನೂ ಆಗ್ಲಿಲ್ಲ ಕಣೇ. ಏನೂ ಆಗ್ಲಿಲ್ವಲ್ಲ ಅಂತ್ಲೇ ಇನ್ನೂ ಹೆದರಿಕೆ ಆತು." ಬೊಮ್ಮಕ್ಕ ಒಂದು ಕಾಯಿ ಒಡೆದು ಬೀಜವನ್ನು ಮೊರಕ್ಕೆ ಹಾಕಿದಳು. "ನಿನ್ನ ತಮ್ಮ ಹುಟ್ಟಿದಾಗ ಅವನ್ನ ಸೆರಗಲ್ಲಿ ಎದೆಗೆ ಕಟ್ಕೊಂಡು ಹೋಗ್ತಿದ್ದೆ. ಅತ್ತುಬಿಟ್ರೆ ಏನ್ ಗತಿ ಅಂತ ಮೊಲೆ ಬಾಯಿಗೆ ಕೊಟ್ಕೊಂಡೇ ಅಳೀತಿದ್ದೆ. ಎಂಟೂವರೆಗೆ ನೋಡ್ಬೇಕಾದ್ದನ್ನ ಅಷ್ಟೊತ್ತಿಗೆ ನೋಡ್ತಿದ್ದೆ, ಅದೊಂದು ಸುಳ್ಳು ನನ್ದು. ಬ್ಯಾರೆ ಒಂದು ಹನೀನೂ ಹೆಚ್ಚುಕಮ್ಮಿ ಬರ್ದಿಲ್ಲ."

ಆ ಕಡೆಯ ಮಾತನ್ನು ಹೇಳುವಾಗ ಅವಳ ಕತ್ತು ಸ್ವಲ್ಪ ನೆಟ್ಟಗಾಯಿತು. ಹಟ್ಟಿಯಲ್ಲಿ ಅವಳನ್ನು ಮಳೆ ಬೊಮ್ಮಕ್ಕ ಎನ್ನುತ್ತಾರೆ. ಮಳೆ ನಿಂತ ಬೆಳಿಗ್ಗೆ ದಾರಿಯಲ್ಲಿ ಸಿಕ್ಕವರೆಲ್ಲ 'ಎಷ್ಟಾತಕ್ಕ?' ಎಂದೇ ಮಾತು ಶುರುಮಾಡುವುದು. ಸೀರೆಯಿಲ್ಲ ಒಡವೆಯಿಲ್ಲ, ಅವಳಿಗೆ ತನ್ನದು ಅಂತ ಇದ್ದ ದೌಲತ್ತು ಅದೊಂದೇ.

ಸ್ವಪ್ನ ಸೋಮವಾರದ ವಿಷಯ ಹೇಳಿದಳು. ಸಾಹೇಬರು ಬರುತ್ತಾರೆ, 2001ರಲ್ಲಿ ಏನಾಯಿತು, 2010ರಲ್ಲಿ ಏನಾಯಿತು ಎಂದು ಕೇಳುತ್ತಾರೆ, ದೊಡ್ಡಪ್ಪ ಜಂಪಣ್ಣನೂ ಅಲ್ಲೇ ಇರುತ್ತಾನೆ.

"ಅವ್ರಿಗೆ ಒಬ್ರಿಗೇ ಗುಟ್ಟಾಗಿ ಹೇಳ್ಲಾ?"

"ಹೇಳಿದ್ರೆ ಬರೀತಾರಾ?"

"ಬರೀಲೇಬೇಕಂತೆ."

"ಹಂಗಾರೆ ಬ್ಯಾಡ. ಆಚೆ ಹಟ್ಟೀಲಿ ಏನಾತು, ಮರ್ತ್ಯಾ? ಟೀವಿಯೋರು ಬಂದು ಹೊರಗೆ ಕೂತಿದ್ದ ಹೆಣ್ಮಕ್ಳ ಮುಖಕ್ಕೆ ಕ್ಯಾಮೆರಾ ಹಿಡಿದ್ರು. ಆಮ್ಯಾಲೆ ಸರ್ಕಾರದೋರ ಜೀಪು ಬಂತು, ಗುಡ್ಲು ಕಿತ್ತಾಕಿದ್ರು. ಪದ್ಧತಿ ಏನು ಹೋತಾ? ಈಗ ಮರದ ಕೆಳಗೆ ಕೂತ್ಕಂತಾರೆ, ಅಷ್ಟೇ." ಬೊಮ್ಮಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಅದಿರ್ಲಿ. ನಾನು ಹಂಗೆ ಬೇಲಿ ಒಳಗೆ ಹೋಗೋಕೆ ಶುರು ಮಾಡಿದ ವರ್ಷವೇ ನಿನ್ನ ದೊಡ್ಡಪ್ಪನ ಕುರಿಗೆ ರೋಗ ಬಂತು. ಅರ್ಧ ಹಿಂಡು ಹೋತು. ಗುಡಿ ಮುಂದೆ ಬಿದ್ದು ಹೊರಳಾಡಿ ಅತ್ತ ಅವ್ನು, ಯಾರು ಏನ್ ಮೈಲಿಗೆ ಮಾಡಿದ್ರಪ್ಪಾ ಅಂತ. ನಾನು ಅಲ್ಲೇ ನಿಂತಿದ್ದೆ. ಇದು ಗೊತ್ತಾದ್ರೆ ಈ ಮನ್ಯಾಗೆ ಮಾತ್ರ ಅಲ್ಲ, ಈ ಹಟ್ಟ್ಯಾಗೇ ನಂಗೆ ಜಾಗ ಇರಲ್ಲ."

"ಹೇಳದಿದ್ರೆ ಆ ವರ್ಷಗಳಾಗೆ ಮಳೆ ಹಂಗೇ ಬಂತು ಅಂತ ಬರೀತಾರವ್ವ. ನಾಳೆ ಎಲ್ರೂ ಅದನ್ನೇ ನಿಜ ಅಂತಾರೆ."

"ಹಂಗೆ ಬಂದಿಲ್ವಲ್ಲ ಮಳೆ!" ಬೊಮ್ಮಕ್ಕ ಗದರಿದಂತೆ ಅಂದಳು. ಬೇರೆ ಏನು ಹೇಳಿದ್ದರೂ ಅವಳು ಅಷ್ಟು ಕೆರಳುತ್ತಿರಲಿಲ್ಲ. ಮೊರವನ್ನು ಮತ್ತೆ ಎಳೆದುಕೊಂಡು ಶೇಂಗಾ ಒಡೆಯತೊಡಗಿದಳು.

ಸೋಮವಾರ ಜೀಪು ಬಂದಾಗ ಬಿಸಿಲು ಏರಿತ್ತು. ಕಿರಣ್‌ಕುಮಾರ್ ಬೇಲಿಯ ಹೊರಗೇ ಬೂಟು ಬಿಚ್ಚಿದರು, ಕೇಳದೆಯೇ. ಜಂಪಣ್ಣನಿಗೆ ಅದು ಮೆಚ್ಚಿಗೆಯಾಗಿ, ತಾನೇ ಮುಳ್ಳು ಸರಿಸಿ, "ಬರ್ರಿ ಸಾಹೇಬ್ರೇ, ಬರ್ರಿ," ಎಂದು ಒಳಗೆ ಕರೆದುಕೊಂಡ. ಸಾಹೇಬರು ಟೇಪು ಹಿಡಿದು ಅಳೆದರು, ನಾಲ್ಕು ದಿಕ್ಕಿಗೂ ಫೋಟೊ ತೆಗೆದರು, ಮಳೆಡಬ್ಬದ ಬಾಯಿ ಮಟ್ಟವಾಗಿದೆಯೇ ಎಂದು ಬಗ್ಗಿ ನೋಡಿದರು. ಬೊಮ್ಮಕ್ಕ ಅಳತೆಯ ಗಾಜನ್ನು ಸೆರಗಿನಿಂದ ಒರೆಸಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಇಂಥಾ ಒಳ್ಳೇ ಜಾಗ ನಾನು ಈ ಕಡೆ ಎಲ್ಲೂ ನೋಡಿಲ್ಲ," ಎಂದರು ಕಿರಣ್‌ಕುಮಾರ್. "ಗಿಡ ಬೆಳೆದಿಲ್ಲ, ಕಟ್ಟಡ ಎದ್ದಿಲ್ಲ, ಡಬ್ಬ ಜರುಗಿಸಿಲ್ಲ. ಅಂದ್ರೆ ಮುರಿತ ನಿಜಾನೇ ಇರಬಹುದು ಸ್ವಪ್ನ." ದನಿಯಲ್ಲಿ ಸಡಗರವಿತ್ತು. ಆಮೇಲೆ ಬೊಮ್ಮಕ್ಕನ ಕಡೆ ತಿರುಗಿದರು. "ಅಮ್ಮ, ನೀವು ನೋಡೋಕೆ ಶುರು ಮಾಡಿದ ವರ್ಷದಿಂದ ಮಳೆ ದಿನಗಳು ಕಡಿಮೆ ಆಗಿವೆ, ಒಂದೊಂದು ದಿನ ವಿಪರೀತ ಜಾಸ್ತಿ. 2010ರಿಂದ ಮತ್ತೆ ಸರಿ. ಮಳೆನೇ ಹಂಗೆ ಬಂತಾ?"

ಜಂಪಣ್ಣ ಕಿವಿಗೊಟ್ಟು ನಿಂತಿದ್ದ. ಅವ್ವ ಹೌದು ಎಂದುಬಿಟ್ಟರೆ ಮುಗಿಯಿತು. ಯಾರಿಗೂ ಏನೂ ಆಗುವುದಿಲ್ಲ. ಅನ್ನಲಿ ಎಂದು ಸ್ವಪ್ನ ಒಳಗೊಳಗೇ ಬೇಡಿಕೊಂಡಳು, ಅಂಕಿಗಳ ಕೆಲಸದಲ್ಲೇ ಅನ್ನ ತಿನ್ನುವವಳಾಗಿಯೂ ಹಾಗೆ ಬೇಡಿಕೊಂಡಳು.

"ಇಲ್ಲ ಸಾರ್," ಎಂದಳು ಬೊಮ್ಮಕ್ಕ. "ಮಳೆ ಯಾವಾಗ್ಲೂ ಬರೋ ಹಂಗೇ ಬಂತು. ನಾನೇ ದಿನಾ ನೋಡ್ತಿರ್ಲಿಲ್ಲ."

"ಯಾಕಮ್ಮ?"

"ಸೋಮಾರಿತನ."

"ಅವ್ವ!"

"ನೀನು ಸುಮ್ಕಿರೇ, ಸಾಹೇಬ್ರು ಕೇಳ್ತಿರೋದು ನನ್ನ." ಬೊಮ್ಮಕ್ಕ ಮಗಳ ಕಡೆ ನೋಡಲೇ ಇಲ್ಲ. "ಎಳೇ ವಯಸ್ಸು ಸಾರ್, ಮನೆ, ಹೊಲ, ಕೈಗೂಸು. ಯಾರು ದಿನಾ ಹೋಗಿ ನೋಡ್ತಾರೆ ಅಂತ ಒಂದೊಂದ್ಸಲ ಬಿಟ್ಬಿಡ್ತಿದ್ದೆ. ಆಮ್ಯಾಲೆ ಎಲ್ಲಾನೂ ಒಟ್ಟಿಗೆ ಅಳೆದು ಬರೆದಾಕ್ತಿದ್ದೆ. ಆ ವರ್ಷಗಳ್ದು ನಂಬಬ್ಯಾಡಿ. ಆಮ್ಯಾಲಿಂದು ಮಾತ್ರ ಎಲ್ಲಾ ಸರಿ ಐತೆ. ಬುದ್ಧಿ ಬಂತು, ದಿನಾ ನೋಡಿದೀನಿ. ದೇವರಾಣೆ."

ಗುಡಿಯ ಎದುರಿಗೇ ನಿಂತು ಆಣೆ ಹಾಕಿದಳು. ಕಡೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸುಳ್ಳನ್ನೆಲ್ಲ ತನ್ನ ಹೆಸರಿಗೆ ಹಾಕಿಕೊಂಡು, ಮಳೆಯನ್ನು ಉಳಿಸಿಕೊಳ್ಳಲು ಅವಳು ಹಿಂದಿನ ದಿನವೆಲ್ಲ ಕೂತು ಯೋಚಿಸಿದ ಉಪಾಯ ಇದು ಎಂದು ಸ್ವಪ್ನಳಿಗೆ ಅರ್ಥವಾಯಿತು.

ಕಿರಣ್‌ಕುಮಾರ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. "ಬೇಜಾರು ಮಾಡ್ಕೋಬೇಡಿ ಅಮ್ಮ, ಒಪ್ಕೊಂಡ್ರಲ್ಲ, ಅದೇ ದೊಡ್ಡದು," ಎಂದು ಹೇಳಿ ಜೀಪಿನ ಹತ್ತಿರ ಬಂದರು. ಬೂಟಿನ ದಾರ ಕಟ್ಟುತ್ತ ಸ್ವಪ್ನಳಿಗೆ ಲ್ಯಾಪ್‌ಟಾಪ್ ತೆಗೆಯಲು ಹೇಳಿದರು. ಅವಳು ಅದನ್ನು ಬಾನೆಟ್ಟಿನ ಮೇಲಿಟ್ಟು ತೆರೆದಳು. ಬಿಸಿಲಿಗೆ ಪರದೆಯೇ ಕಾಣದೆ ಒಂದು ಕೈ ಮರೆ ಹಿಡಿಯಬೇಕಾಯಿತು.

"ಕಾರಣದ ಜಾಗದಲ್ಲಿ 'ಅಬ್ಸರ್ವರ್ ನೆಗ್ಲಿಜೆನ್ಸ್' ಅಂತ ಹಾಕಿ. 2001ರಿಂದ ಈವತ್ತಿನ ತನಕ ಪೂರ್ತಿ ತೆಗೀರಿ."

"ಸರ್, 2010ರ ಆಮೇಲಿನದ್ದು ಸರಿ ಇದೆ. ಅಕ್ಕಪಕ್ಕದ ಕೇಂದ್ರಗಳ ಜೊತೆ ಹೊಂದುತ್ತೆ. ನೀವೇ ನೋಡಿದೀರ."

"ಹೊಂದುತ್ತೆ. ಆದ್ರೆ ಅಷ್ಟು ವರ್ಷ ನೋಡ್ದೆ ಬಿಟ್ಟೋರು ಆಮೇಲೆ ದಿನಾ ನೋಡಿದ್ರು ಅಂತ ಯಾವ ಆಧಾರದ ಮೇಲೆ ನಂಬೋದು? ಪಕ್ಕದೂರಲ್ಲಿ ಮಳೆ ಅಂತ ಕೇಳಿ ಬರೆದಿದ್ರೆ? ಯಾಕೆ ದಿಢೀರ್ ಅಂತ ಬದಲಾದ್ರು ಅನ್ನೋದಕ್ಕೆ ಒಂದು ಕಾರಣ ಇದ್ರೆ ಹೇಳಿ, ಇಟ್ಕೊಳ್ಳೋಣ. ಬುದ್ಧಿ ಬಂತು ಅನ್ನೋದನ್ನ ನಾನು ವರದೀಲಿ ಹೇಗೆ ಬರೀಲಿ?"

ಬೊಮ್ಮಕ್ಕ ಬೇಲಿ ದಾಟಿ ಬಂದು ಹಿಂದೆಯೇ ನಿಂತಿದ್ದಳು. "ಏನಂತೆ?" ಎಂದಳು.

"ನೀನು ನೋಡಿದ್ದು ಯಾವುದೂ ಬ್ಯಾಡಂತೆ ಅವ್ವ. ಎಲ್ಲಾ ತೆಗೀಬೇಕಂತೆ."

"ಎಲ್ಲಾನಾ?" ಬೊಮ್ಮಕ್ಕನ ಕಣ್ಣು ಮಗಳ ಮುಖದಿಂದ ಸಾಹೇಬರ ಮುಖಕ್ಕೆ, ಅಲ್ಲಿಂದ ಮತ್ತೆ ಮಗಳಿಗೆ ಓಡಿತು. ಇದನ್ನು ಅವಳು ಯೋಚಿಸಿರಲಿಲ್ಲ. "ಆ ಮಗೂನ ಕಟ್ಕೊಂಡು..." ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಜಂಪಣ್ಣ ನಾಲ್ಕು ಮಾರು ದೂರದಲ್ಲಿ ಬೇಲಿಯ ಮುಳ್ಳು ಸರಿಪಡಿಸುತ್ತಿದ್ದ.

"ಏನಮ್ಮ?" ಎಂದರು ಕಿರಣ್‌ಕುಮಾರ್.

ಒಂದೇ ಮಾತು ಸಾಕಿತ್ತು. ಸ್ವಪ್ನ ತುಟಿ ತೆರೆದಳು. ಬೊಮ್ಮಕ್ಕ ಬಂದು ಮಗಳ ಮುಂಗೈ ಹಿಡಿದುಕೊಂಡಳು, ಬಳೆ ಒತ್ತುವಷ್ಟು ಬಿಗಿಯಾಗಿ.

"ಏನಿಲ್ಲ ಸಾರ್. ತೆಗೀರಿ."

ಸ್ವಪ್ನ ಆ ವರ್ಷಗಳನ್ನು ಆರಿಸಿ, ಕಾರಣದ ಜಾಗದಲ್ಲಿ ಸಾಹೇಬರು ಹೇಳಿದ್ದನ್ನು ಬರೆದಳು. ಎರಡು ಸಲ ತಪ್ಪಾಯಿತು, ಮತ್ತೆ ಬರೆದಳು. ಒಂದು ಗುಂಡಿ ಒತ್ತುವ ಹೊತ್ತಿನಲ್ಲಿ ಗೆರೆ 2000ಕ್ಕೆ ನಿಂತುಹೋಯಿತು. ಅದರಾಚೆ ಪರದೆ ಬೋಳು.

"ಅದೇನು ಬರೆದಿದ್ದು ಇಂಗ್ಲೀಷಲ್ಲಿ?" ಬೊಮ್ಮಕ್ಕ ಕೇಳಿದಳು.

"ಅಸಡ್ಡೆ ಅಂತ."

"ಹೂಂ," ಎಂದಳು ಬೊಮ್ಮಕ್ಕ. ಕೈಯಲ್ಲಿದ್ದ ಅಳತೆಯ ಗಾಜನ್ನು ಸಾಹೇಬರಿಗೆ ಕೊಟ್ಟಳು. ಈ ಡಬ್ಬದ ಬದಲು ಕೊಂಡ್ಲಹಳ್ಳಿ ಶಾಲೆಯ ಮೈದಾನದಲ್ಲಿ ತಾನೇ ಬರೆದುಕೊಳ್ಳುವ ಹೊಸ ಯಂತ್ರ ಬರುತ್ತದೆ, ಇನ್ನು ಯಾರೂ ಕಷ್ಟಪಡಬೇಕಿಲ್ಲ ಎಂದು ಅವರು ಸಮಾಧಾನ ಹೇಳಿದರು. ಸ್ವಪ್ನಳಿಗೆ ಅವತ್ತು ರಜೆ ಕೊಟ್ಟು ಜೀಪು ಹತ್ತಿದರು.

ಜೀಪಿನ ಧೂಳು ಇಳಿದ ಮೇಲೆ ಜಂಪಣ್ಣ ಬೇಲಿಯ ಕಡೆಯಿಂದಲೇ, ತಲೆ ಎತ್ತದೆ ಹೇಳಿದ, "ಬೊಮ್ಮಕ್ಕ ಸೋಮಾರಿ ಅಲ್ಲ ಅಂತ ನಂಗೊತ್ತು ಕಣವ್ವ. ಬೆಳಗಿನ ಜಾವಕ್ಕೆ ಏಳೋನು ನಾನೂನು."

ಬೊಮ್ಮಕ್ಕ ಕಲ್ಲಿನಂತೆ ನಿಂತುಬಿಟ್ಟಳು. ಸ್ವಪ್ನ ಬೇಲಿಯ ಹತ್ತಿರ ನುಗ್ಗಿದಳು.

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ಯಲ್ಲ ದೊಡ್ಡಪ್ಪ! ನಿನಗೆ ಹೆದರಿಯೇ ಅವಳು ಇದ್ದಬದ್ದದ್ದೆಲ್ಲ ಕಳ್ಕೊಂಡಿದ್ದು. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಗೊತ್ತಿತ್ತು ಅಂದಂಗೆ ಆಗ್ತಿತ್ತಲ್ಲವ್ವ. ಗೊತ್ತಿದ್ದೂ ಇಷ್ಟು ವರ್ಷ ಆರತಿ ಎತ್ತಿದೋನು ನಾನು. ನಂಗೆ ಎಲ್ಲೈತೆ ಜಾಗ?" ಜಂಪಣ್ಣನ ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂದಿತ್ತು. ಅದನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಬಗ್ಗಿದ. ಬೊಮ್ಮಕ್ಕ ಮನೆಯ ಕಡೆ ತಿರುಗಿದಳು.

ಆ ವಾರದಲ್ಲೇ ಯಾರೋ ಇಬ್ಬರು ಬಂದು ಮಳೆಡಬ್ಬವನ್ನು ಬಿಚ್ಚಿಕೊಂಡು ಹೋದರಂತೆ. ಶನಿವಾರ ಸ್ವಪ್ನ ಊರಿಗೆ ಬಂದಾಗ ಮೋಡ ಕಟ್ಟಿತ್ತು. ಮರುದಿನ ಅವಳು ಏಳುವ ಹೊತ್ತಿಗೆ ಮಳೆ ಹಿಡಿದುಕೊಂಡಿತ್ತು, ಸಣ್ಣಗೆ, ಬಿಡದೆ. ಅವ್ವ ಒಳಗಿರಲಿಲ್ಲ. ಸ್ವಪ್ನ ತಲೆಗೊಂದು ಟವಲು ಹಾಕಿಕೊಂಡು ಹುಡುಕುತ್ತ ಬಂದಳು.

ಬೊಮ್ಮಕ್ಕ ಗೋಣಿಕೊಪ್ಪೆ ಹೊದ್ದು ಗುಡಿಯ ಬೇಲಿಯ ಹೊರಗೆ ನಿಂತಿದ್ದಳು. ಅವತ್ತು ಅವಳು ಹೊರಗಾಗಿರಲಿಲ್ಲ. ಬೇಲಿಯ ಬಾಗಿಲೂ ತೆರೆದೇ ಇತ್ತು. ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹಟ್ಟಿಯ ಮರುಳಪ್ಪ, "ಎಷ್ಟಾತಕ್ಕ?" ಎಂದು ಕೂಗಿ ಕೇಳಿ, ಉತ್ತರಕ್ಕೆ ನಿಲ್ಲದೆ ಮುಂದಕ್ಕೆ ಹೋದ. ಒಳಗೆ ಡಬ್ಬ ಕೂತಿದ್ದ ಸಿಮೆಂಟಿನ ಕಟ್ಟೆಯಲ್ಲಿ ದುಂಡನೆಯ ಕುಳಿಯೊಂದು ಉಳಿದಿತ್ತು. ಅದು ಆಗಲೇ ತುಂಬಿ, ಮೇಲೆ ಬೀಳುತ್ತಿದ್ದ ನೀರು ಅಂಚಿನಿಂದ ಇಳಿದು ಮಣ್ಣಿಗೆ ಸೇರುತ್ತಿತ್ತು.